ಗುಂಡಿ ಡಬ್ಬಿಯ ಒಂಬತ್ತು ಮುಚ್ಚಳ

ಶನಿವಾರ ಬೆಳಗ್ಗೆ ಎಂಟಕ್ಕೆ ನಾನು ಆ ಮನೆಯ ಬಾಗಿಲು ತಳ್ಳಿದಾಗ ಟೈಲರಮ್ಮ ಹೊಲಿಗೆ ಯಂತ್ರದ ಮೇಲೆ ಬೋರಲು ಬಿದ್ದಿದ್ದರು.

ತೂಕಡಿಕೆ ಇರಬೇಕು ಎಂದುಕೊಂಡೆ. ಹತ್ತಿರ ಹೋದರೆ — ಉಸಿರು ಸಿಗದೆ ಒದ್ದಾಡುತ್ತಿದ್ದಾರೆ! ತುಟಿ ನೀಲಿಗಟ್ಟಿದೆ. ಆಪರೇಷನ್ ಆದ ಬಲಗಾಲು ಸ್ಟೂಲಿನ ಮೇಲೆ, ಎಡಗಾಲು ಇನ್ನೂ ಯಂತ್ರದ ಪೆಡಲಿನ ಮೇಲೆ.

"ಯಾವಾಗಿಂದ ಹೀಗಿದೆ?" ಎಂದು ಕೂಗಿದೆ.

ಸೊಸೆ ಅಡುಗೆಮನೆಯಿಂದ ಓಡಿಬಂದಳು. "ಈಗಿನ್ನೂ ಮಾತಾಡಿಸಿ ಹೋದೆ ಸಿಸ್ಟರ್! ಅತ್ತೆ... ಅತ್ತೆ!"

ಮಧ್ಯಾಹ್ನದ ಹೊತ್ತಿಗೆ ಆಸ್ಪತ್ರೆಯ ಸ್ಕ್ಯಾನಿನಲ್ಲಿ ಎಲ್ಲ ಕಂಡಿತು. ಬಲಗಾಲಿನ ಮೀನಖಂಡದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಅದರ ಒಂದು ತುಣುಕು ಕಿತ್ತುಕೊಂಡು ಹೋಗಿ ಶ್ವಾಸಕೋಶದಲ್ಲಿ ಕೂತಿತ್ತು. ಇನ್ನರ್ಧ ಗಂಟೆ ತಡವಾಗಿದ್ದರೆ ಕೈಮೀರುತ್ತಿತ್ತು ಎಂದರು ಸರ್ಜನ್. ಆಮೇಲೆ ನನ್ನ ಕಡೆ ತಿರುಗಿದರು.

"ಹೀಗಾಗದೇ ಇರಲಿ ಅಂತಾನೇ ದಿನಾ ಒಂದು ಇಂಜೆಕ್ಷನ್ ಬರೆದಿದ್ನಲ್ಲ. ಹೋಗ್ತಿತ್ತಾ?"

"ಹೋಗ್ತಿತ್ತು ಸರ್. ಇಪ್ಪತ್ತು ದಿನಕ್ಕೆ ಇಪ್ಪತ್ತು. ಖಾಲಿ ಸಿರಿಂಜ್ ಎಣಿಸಿದೀನಿ."

"ಮತ್ತೆ ಹೇಗಾಯ್ತು?"

ಉತ್ತರ ಟೈಲರಮ್ಮನ ತಮ್ಮನಿಗೆ ಗೊತ್ತಿತ್ತು! ಆತ ಒಂದು ಕಾಲದಲ್ಲಿ ಫುಟ್‌ಬಾಲ್ ಪಂದ್ಯಗಳಿಗೆ ರೆಫರಿಯಾಗಿದ್ದವನು. ಈಗಲೂ ಎಲ್ಲರಿಗೂ ರೆಫರಿಯೇ. ಶಿಳ್ಳೆ ಬಿಟ್ಟು ಹತ್ತು ವರ್ಷವಾಗಿದ್ದರೂ ಬೆರಳು ಮಾಡಿ ತೋರಿಸುವ ಚಟ ಹೋಗಿರಲಿಲ್ಲ.

"ಈ ಸಿಸ್ಟರ್ ಔಷಧಿ ಚೀಲಾನ ಸ್ಕೂಟರಿನ ಮೇಲೆ ಬಿಸಿಲಿಗೆ ಬಿಟ್ಟು ಹರಟೆ ಹೊಡೀತಾರೆ. ಕಣ್ಣಾರೆ ನೋಡಿದೀನಿ. ಕಾದು ಕೆಟ್ಟುಹೋದ ಔಷಧಿ ನಮ್ಮಕ್ಕನಿಗೆ ಚುಚ್ಚಿಸಿದಾರೆ, ಅಷ್ಟೇ!"

ಚೀಲ ಬಿಸಿಲಿನಲ್ಲಿ ಇದ್ದದ್ದು ನಿಜ. ಒಂದೇ ಒಂದು ಸಲ, ಹತ್ತು ನಿಮಿಷ. ಅಷ್ಟನ್ನು ಒಪ್ಪಿಕೊಂಡೆ.

ಸೋಮವಾರ ಹತ್ತು ಗಂಟೆಗೆ ವಿಚಾರಣೆ ಎಂದು ನಿಗದಿಯಾಯಿತು. ಅಲ್ಲಿಯವರೆಗೆ ಚೀಲ ಒಪ್ಪಿಸಿ ಮನೆಯಲ್ಲಿರಬೇಕು. ತಪ್ಪು ನನ್ನದೆಂದಾದರೆ ಕೆಲಸ ಹೋಯಿತೆಂದೇ ಲೆಕ್ಕ.

ನನ್ನ ಕೆಲಸವೇನೆಂದು ಹೇಳಬೇಕು. ಆಪರೇಷನ್ ಆಗಿ ಮನೆಗೆ ಹೋದವರನ್ನು ವಾರಕ್ಕೊಮ್ಮೆ ನೋಡಿ ಬರುವ ನರ್ಸ್ ನಾನು. ಪಾದದ ಕೀಲಿಗೆ ತಿರುಪು ಹಾಕಿಸಿಕೊಂಡವರು ಆರು ವಾರ ಆ ಕಾಲು ಊರುವಂತಿಲ್ಲ. ಊರದ ಕಾಲಿನಲ್ಲಿ ಮೀನಖಂಡ ಕೆಲಸ ಮಾಡುವುದಿಲ್ಲ. ರಕ್ತ ಮೇಲೇರದೆ ಅಲ್ಲೇ ನಿಲ್ಲುತ್ತದೆ. ಅದಕ್ಕೇ ಕಾಲೆತ್ತಿ ಇಡಿ, ಬೆರಳಾಡಿಸಿ, ಮಂಡಿ ಮಡಚಿ, ನೀರು ಕುಡಿಯಿರಿ ಎಂದು ಹೇಳಿ ಹೇಳಿ ನನ್ನ ಬಾಯಿ ಸವೆದಿದೆ. ಟೈಲರಮ್ಮನ ಅಮ್ಮನಿಗೂ ಹಿಂದೆ ಹೀಗೆ ಹೆಪ್ಪುಗಟ್ಟಿತ್ತು. ಹಾಗಾಗಿ ಅವರಿಗೆ ಇಷ್ಟೆಲ್ಲದರ ಜೊತೆಗೆ ಹೊಟ್ಟೆಯ ಚರ್ಮಕ್ಕೆ ದಿನಕ್ಕೊಂದು ಇಂಜೆಕ್ಷನ್, ಇಪ್ಪತ್ತೆಂಟು ದಿನ. ಅದನ್ನು ಮನೆಗೆ ತಲುಪಿಸಿದವಳೂ ನಾನೇ.

ಮೊದಲ ದಿನ ಹೇಳಿಕೊಡಲು ಹೋದಾಗ ನಕ್ಕುಬಿಟ್ಟಿದ್ದರು. "ನಲವತ್ತು ವರ್ಷ ಸೂಜಿ ಹಿಡಿದವಳಿಗೆ ಸೂಜಿ ಹಿಡಿಯೋದು ಕಲಿಸ್ತೀಯಾ ಮಗಳೇ?"

ಮಗಳೇ! ನಾನು ಹಾಸ್ಟೆಲಿನಲ್ಲಿ ಬೆಳೆದವಳು. ನನ್ನನ್ನು ನಂಬರಿನಿಂದ ಕರೆದಿದ್ದಾರೆ, ಸಿಸ್ಟರ್ ಎಂದು ಕರೆದಿದ್ದಾರೆ. ಮಗಳೇ ಎಂದವರು ಯಾರೂ ಇರಲಿಲ್ಲ. ಶನಿವಾರ ಬರಲಿ ಎಂದು ವಾರವಿಡೀ ಕಾಯುತ್ತಿದ್ದೆ ಎಂದರೆ ನಾಚಿಕೆಯೇನಿಲ್ಲ. ಕೆಲಸ ಹೋದರೆ ಆ ಮನೆಯೂ ಹೋಗುತ್ತದೆ. ನನ್ನಿಂದಲೇ ಅವರಿಗೆ ಹೀಗಾಯಿತು ಎಂದಾದರೆ, ಅವರೆದುರು ಯಾವ ಮುಖ ಇಟ್ಟುಕೊಂಡು ನಿಲ್ಲಲಿ?

ಸಂಜೆ ವಾರ್ಡಿಗೆ ಹೋದೆ. ಆಮ್ಲಜನಕದ ಮಾಸ್ಕ್ ಸರಿಸಿ ಟೈಲರಮ್ಮ ಒಂದೇ ಮಾತು ಹೇಳಿದರು. "ಎಲ್ಲಾ ಚುಚ್ಕೊಂಡೆ ಮಗಳೇ." ಹೇಳಿ ಮುಖ ಗೋಡೆಗೆ ತಿರುಗಿಸಿದರು.

ಅಳು ತಡೆಯಲಾಗದೆ ನೇರ ಪಟ್ಟಿ ಮಾಮನ ಹತ್ತಿರ ಹೋದೆ.

ಪಟ್ಟಿ ಮಾಮ ನಮ್ಮ ಆಸ್ಪತ್ರೆಯ ಪ್ಲಾಸ್ಟರ್ ಕೋಣೆಯವರು. ಮೂವತ್ತು ವರ್ಷದಿಂದ ಮುರಿದ ಕಾಲಿಗೆ ಪಟ್ಟಿ ಕಟ್ಟುತ್ತಾ, ವಾಸಿಯಾದ ಕಾಲಿನ ಪಟ್ಟಿ ಕತ್ತರಿಸುತ್ತಾ ಬಂದವರು. ಬಿಚ್ಚಿದ ಪಟ್ಟಿ ನೋಡಿಯೇ ಯಾರು ಕದ್ದು ನಡೆದರು, ಯಾರು ಕಡ್ಡಿ ತೂರಿಸಿ ಕೆರೆದುಕೊಂಡರು ಎಂದು ಹೇಳಿಬಿಡುತ್ತಾರೆ. ಡಾಕ್ಟರುಗಳೂ ಅವರೆದುರು ಸುಳ್ಳು ಹೇಳುವುದಿಲ್ಲ.

"ಅಳೋದು ಆಮೇಲೆ. ಕೂತ್ಕೋ," ಎಂದು ನಡೆದದ್ದೆಲ್ಲ ಕೇಳಿಸಿಕೊಂಡರು. "ಚೀಲ ಬಿಸಿಲಲ್ಲಿದ್ದ ದಿನ ಅದೇ ಬ್ಯಾಚಿನ ಔಷಧಿ ಅದರಿಂದ ಇನ್ಯಾರಿಗೆ ಹೋಯ್ತು?"

"ಮೂವರಿಗೆ."

"ಅವರು ಹೇಗಿದಾರೆ?"

"ಚೆನ್ನಾಗಿದಾರೆ."

"ಸರಿ. ಬಿಸಿಲಿನ ಮಾತು ಅಲ್ಲಿಗೆ ಬಿಡು. ಅವರು ಚುಚ್ಕೊಳ್ಳೋದನ್ನ ನೀನು ನೋಡಿದೀಯಾ?"

"ಮೊದಲ ದಿನ ನೋಡಿದೀನಿ. ಟೈಲರುಗಳ ಅಭ್ಯಾಸ ಗೊತ್ತಲ್ಲ, ಗುಂಡುಸೂಜಿ ಹಲ್ಲಲ್ಲಿ ಕಚ್ಚಿಕೊಳ್ಳೋದು? ಸೂಜಿಯ ಮುಚ್ಚಳಾನೂ ಹಲ್ಲಲ್ಲೇ ಕಚ್ಚಿ ಎಳೆದ್ರು. ಬೈದೆ. ಆರನೇ ದಿನ ಹೋದಾಗಲೂ ಅದೇ ಕಥೆ. ಮತ್ತೆ ಬೈದೆ."

"ಹದಿಮೂರನೇ ದಿನ?"

ತಡವರಿಸಿದೆ. "ಅವತ್ತು... ಖಾಲಿ ಸಿರಿಂಜ್ ಎಣಿಸಿ ಸಹಿ ಹಾಕಿದೆ. ಕಾಲಿನ ಬೆರಳು ನೋಡಿದೆ. ಅಷ್ಟರಲ್ಲಿ ಅವರು ಟೇಪ್ ಹಿಡಿದು, ನಿಂಗೊಂದು ಅಂಗಿ ಹೊಲಿತೀನಿ ನಿಲ್ಲು ಅಂದ್ರು. ಅಳತೆ ಕೊಡ್ತಾ ನಿಂತೆ."

"ಎಷ್ಟು ಹೊತ್ತು?"

"ಹೊತ್ತು ಹೋಗಿದ್ದೇ ಗೊತ್ತಾಗ್ಲಿಲ್ಲ ಮಾಮ."

ಪಟ್ಟಿ ಮಾಮ ಉಗುರಿನ ಸಂದಿಯ ಪ್ಲಾಸ್ಟರ್ ಕೆರೆದು ತೆಗೆದರು. "ನಾಳೆ ಬೆಳಗ್ಗೆ ಆ ಮನೆಗೆ ಹೋಗೋಣ," ಎಂದರು.

ಭಾನುವಾರ ಹನ್ನೊಂದಕ್ಕೆ ಬಾಗಿಲು ತೆರೆದದ್ದು ರೆಫರಿ. ನನ್ನನ್ನು ಕಂಡು ಮುಖ ಸಿಂಡರಿಸಿದ. ಪಟ್ಟಿ ಮಾಮ ಚಪ್ಪಲಿ ಬಿಡುತ್ತಲೇ ವಿಚಾರಣೆ ಶುರುಮಾಡಿದರು.

"ನಿಮಗೆ ಆ ಇಂಜೆಕ್ಷನ್ ಕಂಡ್ರೆ ಆಗ್ತಿರ್ಲಿಲ್ವಂತೆ?"

"ಹೌದು, ಆಗ್ತಿರ್ಲಿಲ್ಲ. ಚೆನ್ನಾಗಿರೋ ಹೊಟ್ಟೆಗೆ ದಿನಾ ಯಾಕೆ ಚುಚ್ಚೋದು? ಹಾಗಂತ ನಾನೇನು ಕದ್ದು ಕುಡಿದುಬಿಟ್ನಾ?"

"ಅಲಮಾರಿ ಕೀ ಯಾರ ಹತ್ರ?"

"ಅಕ್ಕನ ಹತ್ರ. ಸೊಂಟದಿಂದ ತೆಗೀತಾನೇ ಇರ್ಲಿಲ್ಲ."

ಕೀ ಈಗ ಸೊಸೆಯ ಬಳಿಯಿತ್ತು. ಅವಳು ಗ್ರಂಥಾಲಯದಲ್ಲಿ ಹಳೆಯ ಪುಸ್ತಕಗಳಿಗೆ ಹೊಲಿಗೆ ಹಾಕಿ ಬೈಂಡ್ ಮಾಡುವವಳು. ಗಂಡ ಹಡಗಿನ ಕೆಲಸದಲ್ಲಿ. ರಜೆಗೆ ಬಂದು ಹೋಗಿ ಎರಡು ತಿಂಗಳ ಮೇಲಾಗಿತ್ತು. ಹುಡುಗಿ ಒಂದೇ ದಿನದಲ್ಲಿ ಸೊರಗಿಹೋಗಿದ್ದಳು. ಅಲಮಾರಿಯಲ್ಲಿ ಎಂಟು ಇಂಜೆಕ್ಷನ್ ಉಳಿದಿದ್ದವು. ಹಳದಿ ಡಬ್ಬಿಯಲ್ಲಿ ಇಪ್ಪತ್ತು ಖಾಲಿ ಸಿರಿಂಜ್. ಲೆಕ್ಕ ಕರಾರುವಾಕ್ಕು.

"ಅತ್ತೆ ಚುಚ್ಕೊಳ್ಳುವಾಗ ನೀನು ಹತ್ರ ಇರ್ತಿದ್ಯಾ ಅಮ್ಮಾ?" ಎಂದು ಕೇಳಿದರು ಪಟ್ಟಿ ಮಾಮ.

"ಇಲ್ಲ. ಅತ್ತೆ... ಬಾಗಿಲು ಹಾಕ್ಕೊಳ್ತಿದ್ರು."

"ದಿನಾ?"

"ದಿನಾ."

ಮಾತಿಗೆ ಮೊದಲು ಅವಳು ಏನನ್ನೋ ನುಂಗಿಕೊಂಡದ್ದನ್ನು ನಾನೂ ಗಮನಿಸಿದೆ. ಪಟ್ಟಿ ಮಾಮ ಹೊಲಿಗೆ ಯಂತ್ರದ ಖಾನೆಯನ್ನು ಎಳೆದರು. ಅದು ಬಿಗಿಯಾಗಿದ್ದು, ತಟ್ಟನೆ ಹೊರಗೆ ನುಗ್ಗಿತು. ಸೊಸೆ ಬೆಚ್ಚಿ ಹಿಂದೆ ಸರಿದಳು — ಎರಡೂ ಕೈ ಹೊಟ್ಟೆಗೆ ಅಡ್ಡ.

"ತಾಗ್ತಾ?"

"ಇಲ್ಲ, ಇಲ್ಲ."

ಪಟ್ಟಿ ಮಾಮ ಯಂತ್ರವನ್ನು ಬಗ್ಗಿ ನೋಡಿದರು. "ಏನು ಹೊಲೀತಿದ್ರು ಅವರು?"

"ಯಾರಿಗ್ಗೊತ್ತು?" ಎಂದ ರೆಫರಿ. "ಬೆಳಗಿಂದ ಸಂಜೆವರೆಗೆ ಕಟಕಟ ಕಟಕಟ. ನನ್ನ ಕಿವಿ ತೂತಾಗಿತ್ತು."

"ಆಪರೇಷನ್ ಆದಾಗಿಂದಾನಾ?"

"ಇಲ್ಲಪ್ಪ. ಮೊದಲು ಸುಮ್ಮನೆ ಕಾಲೆತ್ತಿಕೊಂಡು ಕೂತಿರ್ತಿದ್ಲು. ಈಗೊಂದು ವಾರದ ಮೇಲಾಯ್ತು ನೋಡಿ, ಆ ಹುಚ್ಚು ಹಿಡಿದು."

ಯಂತ್ರದಲ್ಲಿ ಬಟ್ಟೆ ಇರಲಿಲ್ಲ. ಸೂಜಿಯಲ್ಲಿ ನೂಲೂ ಇರಲಿಲ್ಲ. ಕೆಳಗಿನ ಬಾಬಿನ್ ಕೂಡ ಖಾಲಿ.

ಖಾನೆಯಲ್ಲಿ ಒಂದು ದುಂಡನೆಯ ಗುಂಡಿ ಡಬ್ಬಿ ಇತ್ತು. ಪಟ್ಟಿ ಮಾಮ ಅದನ್ನು ಮೇಜಿನ ಮೇಲೆ ಸುರಿದರು. ನೂರಾರು ಗುಂಡಿಗಳು, ಹುಕ್ಕುಗಳು, ಅವುಗಳ ನಡುವೆ ಸಿರಿಂಜಿನ ಮುಚ್ಚಳಗಳು. ಟೈಲರಮ್ಮ ಏನನ್ನೂ ಬಿಸಾಡುವವರಲ್ಲ. ಪಟ್ಟಿ ಮಾಮ ಕನ್ನಡಕ ಏರಿಸಿ ಮುಚ್ಚಳಗಳನ್ನು ಒಂದೊಂದಾಗಿ ಆರಿಸಿ ಬೆಳಕಿಗೆ ಹಿಡಿದರು. ಎರಡು ಗುಂಪು ಮಾಡಿದರು. ಆಮೇಲೆ ಎರಡನ್ನೂ ಬೇರೆಬೇರೆ ಜೇಬಿಗೆ ಹಾಕಿಕೊಂಡು, "ನೀವಿಬ್ಬರೂ ಮೂರು ಗಂಟೆಗೆ ವಾರ್ಡಿಗೆ ಬನ್ನಿ," ಎಂದರು.

ಮೂರು ಗಂಟೆಗೆ ಟೈಲರಮ್ಮ ದಿಂಬಿಗೆ ಒರಗಿ ಕೂತಿದ್ದರು. ಮಾಸ್ಕ್ ತೆಗೆದಿದ್ದರು, ಕೈಗೆ ಡ್ರಿಪ್ ಇತ್ತು, ಔಷಧಿಯೆಲ್ಲ ಅದರಲ್ಲೇ. ಪಟ್ಟಿ ಮಾಮ ಪರದೆ ಎಳೆದು ತಾವು ಆಚೆ ನಿಂತರು.

"ಏನಮ್ಮಾ, ಅವರ ಹೊಟ್ಟೆ ನೋಡು," ಎಂದು ನನಗೆ ಹೇಳಿದರು. "ಹೊಕ್ಕುಳಿನ ಆಚೆ ಈಚೆ. ಚುಚ್ಚಿದ ಗುರುತು ಇದೆಯಾ?"

"ಇದೆ."

"ಬಣ್ಣ?"

ನೋಡಿದೆ. ಇನ್ನೊಮ್ಮೆ ನೋಡಿದೆ.

"ಹಳದಿ."

"ಎಲ್ಲಾನೂ?"

"ಎಲ್ಲಾನೂ ಮಾಮ. ನೀಲಿ ಒಂದೂ ಇಲ್ಲ."

ಈ ಇಂಜೆಕ್ಷನ್ ಚುಚ್ಚಿದಲ್ಲಿ ಸಣ್ಣ ನೀಲಿ ಕಲೆ ಏಳುತ್ತದೆ. ವಾರ ಕಳೆದಂತೆ ಹಸಿರಾಗಿ, ಹಳದಿಯಾಗಿ ಮಾಯುತ್ತದೆ. ನಿನ್ನೆ ಬೆಳಗ್ಗೆ ಚುಚ್ಚಿಕೊಂಡಿದ್ದರೆ ಕಡುನೀಲಿ ಇರಬೇಕಿತ್ತು. ಇದನ್ನು ನಾನು ಎಷ್ಟು ಜನಕ್ಕೆ ಹೇಳಿಲ್ಲ! ಹದಿಮೂರನೇ ದಿನ ಅಂಗಿ ಸರಿಸಿ ನೋಡಿದ್ದರೆ ಸಾಕಿತ್ತು. ನೋಡಲಿಲ್ಲ. ಕೈ ಚಾಚಿ ಅಳತೆ ಕೊಡುತ್ತಾ ನಿಂತಿದ್ದೆ.

ಪರದೆ ಸರಿಯಿತು. ರೆಫರಿ, ಸೊಸೆ ಇಬ್ಬರೂ ಬಂದಿದ್ದರು. ಪಟ್ಟಿ ಮಾಮ ಹಾಸಿಗೆಯ ಮೇಲೆ ಮುಚ್ಚಳಗಳನ್ನು ಎರಡು ಸಾಲಾಗಿ ಜೋಡಿಸಿದರು.

"ಇಪ್ಪತ್ತು ಸಿರಿಂಜ್ ಖಾಲಿಯಾಗಿದೆ, ನಿಜ. ಎಲ್ಲರೂ ಸಿರಿಂಜ್ ಎಣಿಸಿದ್ರು, ಮುಚ್ಚಳ ಯಾರೂ ನೋಡಲಿಲ್ಲ. ನೋಡಿ. ಈ ಹನ್ನೊಂದರ ಮೇಲೆ ಹಲ್ಲಿನ ಗುರುತಿದೆ. ಟೈಲರಮ್ಮನ ಹಲ್ಲು. ಎರಡು ಸಲ ಬೈಸಿಕೊಂಡರೂ ಹೋಗದ ಅಭ್ಯಾಸ ಹನ್ನೆರಡನೇ ದಿನ ತಾನಾಗಿ ಹೋಗುತ್ತಾ? ಈ ಒಂಬತ್ತು ನೋಡಿ — ನುಣ್ಣಗಿವೆ. ತೆಗೆದದ್ದು ಬೇರೆ ಕೈ. ಅಲ್ಲಿಂದಾಚೆ ಔಷಧಿ ಈ ಹೊಟ್ಟೆಗೆ ಹೋಗಿಲ್ಲ."

"ಯಾರು ಕದ್ದಿದ್ದು?" ರೆಫರಿಯ ಬೆರಳು ಆಗಲೇ ಮೇಲೆದ್ದಿತ್ತು.

"ಕಳ್ಳತನ ಆಗಿದ್ರೆ ಟೈಲರಮ್ಮ ಕೂಗಿ ಊರು ಸೇರಿಸ್ತಿದ್ರು. ಕೀ ಅವರ ಸೊಂಟದಲ್ಲೇ ಇತ್ತು. ಕೈಯಾರೆ ಕೊಟ್ಟಿದಾರೆ. ಕೊಟ್ಟ ದಿನದಿಂದ ಒಳಗೆ ಭಯ. ನೂಲಿಲ್ಲದ ಯಂತ್ರ ಯಾಕೆ ತುಳೀತಿದ್ರು? ನಲವತ್ತು ವರ್ಷ ತುಳಿದ ಕಾಲು, ತುಳೀತಾ ಇದ್ರೆ ರಕ್ತ ನಿಲ್ಲಲ್ಲ ಅಂತ ಧೈರ್ಯ. ಹೌದಾ ಅಮ್ಮಾ?"

ಟೈಲರಮ್ಮ ಕಣ್ಣು ಮುಚ್ಚಿದ್ದರು.

"ಆದ್ರೆ ತುಳಿದದ್ದು ಎಡಗಾಲು. ಹೆಪ್ಪುಗಟ್ಟಿದ್ದು ಸುಮ್ಮನೆ ಸ್ಟೂಲಿನ ಮೇಲಿದ್ದ ಬಲಗಾಲು."

"ಯಾರಿಗೆ ಕೊಟ್ಳು? ಹೇಳಿ ಸ್ವಾಮಿ!"

ಪಟ್ಟಿ ಮಾಮ ಸೊಸೆಯ ಕಡೆ ನೋಡಿದರು. ದನಿ ತಗ್ಗಿಸಿದರು. "ಖಾನೆ ಎಳೆದಾಗ ನೀನು ಹೊಟ್ಟೆಗೆ ಕೈ ಅಡ್ಡ ಹಿಡಿದೆ ಮಗೂ. ಎಷ್ಟು ತಿಂಗಳು?"

ಅವಳು ಕೂತಲ್ಲೇ ಕುಸಿದಳು.

"ಹತ್ತು ವಾರ," ಎಂದಳು. "ಮೂರು ಸಲ ಹೋಗಿದೆ. ಮೂರು ಸಲಾನೂ ಎಲ್ಲರಿಗೂ ಹೇಳಿಕೊಂಡು ಕುಣಿದಿದ್ವಿ. ಈ ಸಲ ಅವರಿಗೂ ಹೇಳಿಲ್ಲ. ಸಮುದ್ರದ ಮಧ್ಯ ಕೂತು ಏನು ಮಾಡ್ತಾರೆ ಪಾಪ? ರಕ್ತ ಹೆಪ್ಪುಗಟ್ಟಿ ಮಗುವಿಗೆ ಹೋಗೋ ದಾರಿ ಮುಚ್ಚಿಹೋಗುತ್ತೆ ಅಂತ ಡಾಕ್ಟರು ನಂಗೂ ಇದನ್ನೇ ಬರೆದಿದ್ರು. ಇದೇ ಇಂಜೆಕ್ಷನ್, ಇದೇ ಅಳತೆ. ಅಂಗಡೀಲಿ ಮುಗಿದುಹೋಯ್ತು. ನಾಲ್ಕು ಅಂಗಡಿ ಸುತ್ತಿದೆ. ಮೂರು ವಾರ ಬರಲ್ಲ ಅಂದ್ರು."

"ಅತ್ತೆಗೆ ಹೇಳಿದ್ಯಾ?"

"ಹೇಳ್ಲಿಲ್ಲ. ಅವರೇ..."

"ಹೇಳೋದೇನಿದೆ?" ಟೈಲರಮ್ಮ ಕಣ್ಣು ತೆರೆದರು. "ಸೊಂಟ ಅರ್ಧ ಇಂಚು ತುಂಬಿಕೊಂಡ್ರೆ ನನ್ನ ಕಣ್ಣಿಗೆ ಕಾಣಲ್ವಾ? ನಲ್ಲಿ ಬಿಟ್ಕೊಂಡು ಬಚ್ಚಲಲ್ಲಿ ಅಳ್ತಿದ್ಲು. ನನ್ನದು ಡಾಕ್ಟರು ನಿಲ್ಲಿಸಿದಾರೆ, ಉಳಿದದ್ದು ನೀನು ತಗೋ ಅಂದೆ. ಖಾಲಿಯಾದದ್ದನ್ನ ನನ್ನ ಡಬ್ಬಿಗೇ ಹಾಕು, ಮುಚ್ಚಳ ನನಗೆ ಕೊಡು ಅಂದೆ. ಅವಳಿಗೇನೂ ಗೊತ್ತಿರ್ಲಿಲ್ಲ. ಎಲ್ಲಾ ನನ್ನ ಕೆಲಸ."

"ನಿನ್ನೆ ಗೊತ್ತಾಯ್ತು," ಎಂದಳು ಸೊಸೆ. "ಡಾಕ್ಟರು ಕೇಳಿದಾಗ ಗೊತ್ತಾಯ್ತು. ಅತ್ತೆ ನನ್ನ ಕೈ ಹಿಸುಕಿದ್ರು. ಬಾಯಿ ಬಿಡೋಕಾಗ್ಲಿಲ್ಲ ಸಿಸ್ಟರ್, ಕ್ಷಮಿಸಿ."

ರೆಫರಿಯ ಬೆರಳು ಕೆಳಗಿಳಿದಿತ್ತು. "ಅಕ್ಕಾ, ನಿನಗೆ ಬುದ್ಧಿ ಇದೆಯೇನೇ?" ಎಂದು ಬೈಯುತ್ತಲೇ ಗೋಡೆ ಕಡೆ ತಿರುಗಿ ಮೂಗು ಒರೆಸಿಕೊಂಡ.

ನಾನು ಹಾಸಿಗೆಯ ಹತ್ತಿರ ಹೋದೆ. ಕೇಳಬಾರದೆಂದುಕೊಂಡರೂ ಕೇಳಿಯೇಬಿಟ್ಟೆ.

"ನಾಳೆ ನನ್ನ ಕೆಲಸ ಹೋಗ್ತಿತ್ತು. ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಅವತ್ತು ಅಳತೆ ತಗೊಂಡಿದ್ದು?"

"ನೀನು ಹೊಟ್ಟೆ ನೋಡದೇ ಇರ್ಲಿ ಅಂತ." ಅವರು ನನ್ನ ಕೈ ಹಿಡಿಯಲು ಬಂದರು. "ನಿನಗೆ ಇನ್ನೊಂದು ಕೆಲಸ ಸಿಗುತ್ತೆ ಅಂದ್ಕೊಂಡೆ ಮಗಳೇ. ಅವಳಿಗೆ ಇನ್ನೊಂದು ಸಲ ಸಿಗಲ್ಲ ಅನ್ನಿಸ್ತು. ನನಗೂ ಅಷ್ಟೇ. ಎಷ್ಟು ವರ್ಷದಿಂದ ಕಾಯ್ತಿದೀನಿ ಗೊತ್ತಾ? ಅಂಗೈಯಗಲದ ಅಂಗಿ ಹೊಲಿದು ಹೊಲಿದು ಊರವರ ಮಕ್ಕಳಿಗೇ ಕೊಟ್ಟೆ."

"ನಮ್ಮ ಸ್ಟೋರಿನಲ್ಲಿ ಇನ್ನೂರು ಇವೆ," ಎಂದೆ. ನನ್ನ ದನಿ ನನಗೇ ಒರಟಾಗಿ ಕೇಳಿತು. "ಇನ್ನೂರು! ಒಂದು ಮಾತು ಹೇಳಿದ್ರೆ ನಾನೇ ಬರೆಸಿ ತಂದುಕೊಡ್ತಿದ್ದೆ. ಯಾರಿಗೂ ಗೊತ್ತಾಗ್ತಿರ್ಲಿಲ್ಲ. ನಿಮ್ಮ ಕಾಲಿಗೂ ಏನೂ ಆಗ್ತಿರ್ಲಿಲ್ಲ, ಉಸಿರಿಗೂ ಆಗ್ತಿರ್ಲಿಲ್ಲ."

ಮಗಳೇ ಎಂದು ಕರೆದವರಿಗೆ ನನ್ನನ್ನು ಕೇಳಬೇಕೆಂದು ತೋಚಲೇ ಇಲ್ಲ. ಇನ್ನೂ ಹುಟ್ಟದ ಆ ಕೂಸಿನ ಮೇಲೆ ನನಗೆ ಅಸೂಯೆಯಾಯಿತು. ನನಗಾಗಿ ಯಾರೂ ಒಂದು ಸೂಜಿಯನ್ನೂ ಬಿಟ್ಟುಕೊಟ್ಟವರಿಲ್ಲ.

ಪಟ್ಟಿ ಮಾಮ ಇದ್ದಕ್ಕಿದ್ದಂತೆ ಕೇಳಿದರು. "ಮಗೂ, ನಿನ್ನೆ ಬೆಳಗ್ಗೆ ತಗೊಂಡಿದ್ದೀಯ. ಇವತ್ತು?"

ಸೊಸೆ ತಲೆಯಾಡಿಸಿದಳು. "ಆ ಡಬ್ಬಿ ಮುಟ್ಟೋಕೇ ಆಗ್ಲಿಲ್ಲ."

ಆಮೇಲಿನದು ಓಡಾಟ. ಪಟ್ಟಿ ಮಾಮ ಸರ್ಜನ್ನರನ್ನು ಕರೆತಂದು ಮುಚ್ಚಳ ತೋರಿಸಿದರು. ಹೆರಿಗೆ ವಾರ್ಡಿನ ಡಾಕ್ಟರಮ್ಮ ಬಂದು ಸೊಸೆಯನ್ನು ಸ್ಕ್ಯಾನಿಗೆ ಕರೆದೊಯ್ದರು. ಅರ್ಧ ಗಂಟೆ ಆ ಕೋಣೆಯಲ್ಲಿ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ತಿರುಗಿ ಬಂದ ಸೊಸೆಯ ಮುಖ ಕಂಡದ್ದೇ ಟೈಲರಮ್ಮ ಅಳಲು ಶುರುಮಾಡಿದರು. ಎದೆಬಡಿತ ಕೇಳಿಸಿತ್ತು. ಮುಂದೇನೋ ಗೊತ್ತಿಲ್ಲ, ಇವತ್ತು ಕೇಳಿಸಿತ್ತು.

ವಿಚಾರಣೆ ರದ್ದಾಯಿತು. ಹೊಟ್ಟೆ ನೋಡದೆ ಸಹಿ ಹಾಕಿದ್ದಕ್ಕೆ ಸರ್ಜನ್ ನನಗೆ ಸರಿಯಾಗಿ ಬೈದರು. ಅದು ನನಗೆ ಸಲ್ಲಬೇಕಾದದ್ದೇ. ಆಮೇಲೆ ಸೊಸೆಗೆ ಇಂಜೆಕ್ಷನ್ ಬರೆದು ಚೀಟಿಯನ್ನು ನನ್ನ ಕೈಗೇ ಕೊಟ್ಟರು.

ಸೊಸೆಯ ಹೊಟ್ಟೆಯ ಮೇಲೆ ಒಂಬತ್ತಕ್ಕಿಂತ ಹೆಚ್ಚೇ ಕಲೆಗಳಿದ್ದವು, ನೀಲಿ, ಹಸಿರು, ಹಳದಿ. ಜಾಗ ಹುಡುಕಿ, ಚರ್ಮ ಮಡಚಿ ಹಿಡಿದು, ನಿಧಾನವಾಗಿ ಕೊಟ್ಟೆ. ಪಕ್ಕದ ಹಾಸಿಗೆಯಿಂದ ಟೈಲರಮ್ಮ ಕಣ್ಣು ಮಿಟುಕಿಸದೆ ನೋಡುತ್ತಿದ್ದರು.

"ನಾಳೇನೂ ನೀನೇ ಬಂದು ಕೊಡ್ತೀಯಾ ಮಗಳೇ?"

"ಕೊಡ್ತೀನಿ. ನಿಮಗೂ ಕೊಡ್ತೀನಿ, ಅವರಿಗೂ ಕೊಡ್ತೀನಿ," ಎಂದೆ. "ಆದ್ರೆ ಹಾಗೆ ಕರೀಬೇಡಿ. ಸಿಸ್ಟರ್ ಅನ್ನಿ, ಸಾಕು."

ತಪ್ಪು ಮಾಡಿದವರು ಒಪ್ಪಿಕೊಳ್ಳುವ ಹಾಗೆ ಟೈಲರಮ್ಮ ತಲೆ ತಗ್ಗಿಸಿದರು.

"ಆಗಲಿ, ಸಿಸ್ಟರ್."

ಕೇಳಿ ಪಡೆದದ್ದು ನಾನೇ. ಸಿರಿಂಜ್ ಡಬ್ಬಿಗೆ ಹಾಕಿ, ಕೈ ತೊಳೆದು, ಪಟ್ಟಿ ಮಾಮನ ಪ್ಲಾಸ್ಟರ್ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಮಗಳೇ ಎಂಬ ಆ ಒಂದು ಪದ ಮತ್ತೆ ಯಾವತ್ತು ಕಿವಿಗೆ ಬಿದ್ದೀತು ಎಂದು ಮನಸ್ಸು ಆಗಲೇ ದಿನ ಎಣಿಸಲು ಶುರುಮಾಡಿತ್ತು.